ಮನೆಯ ಹೊರಗಿನ ಎಲ್‌ಇಡಿ: 2700, 3000, 4000, 6500 ಕೆಲ್ವಿನ್‌ಗಳಲ್ಲಿ ಎಲ್ಲಿಗೆ ಯಾವುದು?

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ‘ಗೇಟಿಗೆ ಹಾಕೋಕೆ ಒಂದು ಎಲ್‌ಇಡಿ ಕೊಡಿ’ ಎಂದರೆ ಕೈಗೆ ಬರುವುದು ಬಹುತೇಕ 6500 ಕೆಲ್ವಿನ್‌ನ ಬಿಳಿ ದೀಪ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ. ಕೇಳಿದರೆ 3000 ಸಿಗುತ್ತದೆ. 4000 ಬೇಕೆಂದರೆ ಎಷ್ಟೋ ಊರುಗಳಲ್ಲಿ ತರಿಸಿಕೊಡಬೇಕಾಗುತ್ತದೆ. ವಾಟ್ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ಎರಡೆರಡು ಸಲ ಕೇಳುವವರೂ ಬಣ್ಣವನ್ನು ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. ದೀಪ ಹಾಕಿದ ಮೇಲೆ ಕಣ್ಣಿಗೆ ಚುಚ್ಚುತ್ತದೆ, ಹುಳು ಮುತ್ತುತ್ತದೆ, ಗೋಡೆಯ ಬಣ್ಣ ಸತ್ತಂತೆ ಕಾಣುತ್ತದೆ ಎಂದು ಬರುವ ದೂರುಗಳಲ್ಲಿ ಬಹುಪಾಲು ಆ ಒಂದು ಆಯ್ಕೆಯಿಂದಲೇ ಹುಟ್ಟಿದವು.

ಉತ್ತರ ಮೊದಲೇ ಬೇಕಾದವರಿಗೆ ಹೇಳಿಬಿಡುವುದು ಒಳ್ಳೆಯದು. ಮನೆಯ ಹೊರಗೆ 3000 ಎಂದು ಇಟ್ಟುಕೊಂಡೇ ಲೆಕ್ಕ ಶುರು ಮಾಡಿ. ಕೂತು ಮಾತಾಡುವ ಜಾಗಕ್ಕೆ 2700ಕ್ಕೆ ಇಳಿಯಿರಿ. ರಾತ್ರಿ ಕಣ್ಣಿಟ್ಟು ಕೆಲಸ ಮಾಡುವ ಜಾಗವಿದ್ದರೆ ಅಲ್ಲಿಗೆ ಮಾತ್ರ 4000ಕ್ಕೆ ಏರಿ. 6500ಕ್ಕೆ ಮನೆಯ ಹೊರಗೆ ನಿಜವಾಗಿ ಬೇಕಾದ ಜಾಗ ಹುಡುಕಿದರೂ ಸಿಗುವುದು ಕಷ್ಟ. ಯಾಕೆ ಹೀಗೆ, ಎಲ್ಲಿ ಇದು ತಪ್ಪುತ್ತದೆ ಎನ್ನುವುದನ್ನು ಮುಂದೆ ನೋಡೋಣ.

ಕೆಲ್ವಿನ್ ಅಂಕಿ ಹೇಳುವುದೇನು

ಅಂಕಿ ಚಿಕ್ಕದಾದಷ್ಟೂ ಬೆಳಕು ಕೆಂಪು-ಹಳದಿಯ ಕಡೆಗೆ, ದೊಡ್ಡದಾದಷ್ಟೂ ನೀಲಿಯ ಕಡೆಗೆ ವಾಲುತ್ತದೆ. ಮೇಣದಬತ್ತಿ ಸುಮಾರು 1900. ಹಳೆಯ ಬೀದಿಗಳ ಸೋಡಿಯಂ ದೀಪ 2000ದಿಂದ 2100. ಹಳೆಯ ಫಿಲಮೆಂಟ್ ಬಲ್ಬು 2700, ಹ್ಯಾಲೊಜನ್ 3000. ಮಧ್ಯಾಹ್ನದ ಬಿಸಿಲು 5500ರ ಆಸುಪಾಸು, ಮೋಡ ಕವಿದ ಹಗಲು 6500. ಬೆಳದಿಂಗಳನ್ನು ನಾವು ತಣ್ಣನೆಯ ನೀಲಿ ಎಂದುಕೊಂಡಿರುತ್ತೇವೆ. ಅಳೆದರೆ ಅದು ಸುಮಾರು 4100, ಅಂದರೆ ಬಿಸಿಲಿಗಿಂತ ಬೆಚ್ಚಗಿನ ಬಣ್ಣ. ದಸರೆಯಲ್ಲಿ ಬೆಳಗುವ ಮೈಸೂರು ಅರಮನೆಯ ಸುಮಾರು 97 ಸಾವಿರ ಬಲ್ಬುಗಳ ಹೊನ್ನಿನ ಬಣ್ಣ ಎಲ್ಲರ ಕಣ್ಣಲ್ಲೂ ಇದೆಯಲ್ಲ, ಅದು 2700ರ ಆಸುಪಾಸಿನದು.

ಬಿಳಿ ಎಲ್‌ಇಡಿಯ ಒಳಗೆ ನಿಜವಾಗಿ ಇರುವುದು ನೀಲಿ ಚಿಪ್ಪು. ಅದರ ಬೆಳಕಿನ ತರಂಗಾಂತರ ಸುಮಾರು 450 ನ್ಯಾನೊಮೀಟರ್. ಅದರ ಮೇಲೆ ಹಳದಿ ಫಾಸ್ಫರ್ ಲೇಪನ ಇರುತ್ತದೆ. ನೀಲಿಯಲ್ಲಿ ಒಂದಷ್ಟು ಪಾಲು ಲೇಪನದಲ್ಲಿ ಹೀರಿಕೊಂಡು ಹಳದಿ-ಕೆಂಪಾಗಿ ಹೊರಬರುತ್ತದೆ, ಉಳಿದದ್ದು ನೀಲಿಯಾಗಿಯೇ ಬರುತ್ತದೆ. ಎರಡೂ ಬೆರೆತು ಬಿಳಿ. ಲೇಪನ ದಪ್ಪವಾಗಿ, ಕೆಂಪಿನ ಅಂಶ ಸೇರಿಸಿ ಹಾಕಿದರೆ 2700. ತೆಳುವಾಗಿ ಹಾಕಿದರೆ 6500. ನೀಲಿಯ ಪಾಲು 3000ದ ದೀಪದಲ್ಲಿ ಸುಮಾರು 21 ಶೇಕಡಾ, 4000ದಲ್ಲಿ ಸುಮಾರು 29 ಶೇಕಡಾ. 6500ರಲ್ಲಿ ಅದಕ್ಕೂ ಹೆಚ್ಚು. ಹೊರಗಿನ ದೀಪಕ್ಕೆ 3000 ಮೀರಬೇಡಿ ಎಂದು ಅಮೆರಿಕದ ವೈದ್ಯರ ಸಂಘ 2016ರಲ್ಲಿ ಹೇಳಿದ್ದು ಈ ನೀಲಿಯ ಪಾಲನ್ನೇ ನೋಡಿ. ರಾತ್ರಿಯಾಯಿತು, ಮಲಗು ಎಂದು ದೇಹಕ್ಕೆ ಹೇಳುವ ಮೆಲಟೋನಿನ್ ಅನ್ನು ತಡೆಯುವ ಕಣ್ಣಿನ ಕೋಶಗಳು 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಪಕ್ಕದ ಮನೆಯ ಗೇಟಿನ ದೀಪ ನಿಮ್ಮ ಮಲಗುವ ಕೋಣೆಯ ಕಿಟಕಿಗೆ ಬೀಳುತ್ತಿದ್ದರೆ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

6500 ಹೆಚ್ಚು ಬೆಳಕು ಕೊಡುತ್ತದೆಯೇ?

ಅರ್ಧ ನಿಜ. ಒಂದೇ ಚಿಪ್ಪಿಗೆ ದಪ್ಪ ಲೇಪನ ಹಾಕಿದಾಗ ಬೆಳಕು ಒಂದಿಷ್ಟು ನಷ್ಟವಾಗುತ್ತದೆ. 9 ವಾಟ್‌ನ ಬಲ್ಬು 6500ರಲ್ಲಿ 900 ಲ್ಯೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಕೊಟ್ಟರೆ, ಅದೇ ಮಾದರಿಯ 3000ದ ಬಲ್ಬು 820ರಿಂದ 860 ಕೊಡಬಹುದು. ಐದರಿಂದ ಹತ್ತು ಶೇಕಡಾ ವ್ಯತ್ಯಾಸವನ್ನು ಕಣ್ಣು ಗುರುತಿಸುವುದೇ ಇಲ್ಲ. ಇನ್ನೊಂದು ಕಾರಣ ಕಣ್ಣಿನದು: ಬೆಳಕು ತೀರ ಕಡಿಮೆ ಇರುವಾಗ ಕಣ್ಣಿನ ಸೂಕ್ಷ್ಮತೆ 555 ನ್ಯಾನೊಮೀಟರ್‌ನ ಹಸಿರು-ಹಳದಿಯಿಂದ 507ರ ನೀಲಿ-ಹಸಿರಿನ ಕಡೆಗೆ ಸರಿಯುತ್ತದೆ. ಹಾಗಾಗಿ ಮಂದ ಬೆಳಕಿನಲ್ಲಿ, ಓರೆನೋಟಕ್ಕೆ, ಬಿಳಿ-ನೀಲಿ ದೀಪ ಸ್ವಲ್ಪ ಹೆಚ್ಚು ತೋರಿಸುತ್ತದೆ. ಹೆದ್ದಾರಿಯಲ್ಲಿ ಇದಕ್ಕೆ ಬೆಲೆಯಿದೆ. ಎಂಟು ಅಡಿ ಅಗಲದ ಗೇಟಿನ ಮುಂದೆ ಇಲ್ಲ.

ಅದೇ ನೀಲಿ ಕಣ್ಣಿನೊಳಗೆ ಹೆಚ್ಚು ಚದುರುತ್ತದೆ ಕೂಡ. ಅರವತ್ತು ದಾಟಿದವರ ಕಣ್ಣಿನ ಮಸೂರ ಹಳದಿಯಾಗಿ ಮಬ್ಬಾಗಿರುತ್ತದೆ, ಪೊರೆ ಶುರುವಾಗಿದ್ದರೆ ಇನ್ನೂ ಕಷ್ಟ. ಅವರಿಗೆ ತೆರೆದ 6500ರ ದೀಪದ ಕೆಳಗೆ ಕಾಣುವುದು ಮೆಟ್ಟಿಲಲ್ಲ, ದೀಪದ ಸುತ್ತಲಿನ ಪ್ರಭೆ. ವಯಸ್ಸಾದವರಿರುವ ಮನೆಯಲ್ಲಿ ಬೆಚ್ಚಗಿನ ಬೆಳಕು, ಅದರಲ್ಲೂ ಮೂಲ ಕಾಣದಂತೆ ಮರೆಮಾಡಿದ ಬೆಳಕು, ಅಲಂಕಾರದ ಮಾತಲ್ಲ, ಬೀಳದಿರುವ ಮಾತು.

‘3000 ಹಾಕಿಸಿದೆವು, ಮಂಕಾಯಿತು’ ಎನ್ನುವ ದೂರನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ಲ್ಯೂಮೆನ್ ಕಡಿಮೆಯಿರುವ ಅಲಂಕಾರಿಕ ಫಿಟಿಂಗ್, ಅದರ ಮೇಲೆ ಹಾಲುಬಣ್ಣದ ಗಾಜು, ಪಕ್ಕದಲ್ಲೇ ಉರಿಯುತ್ತಿರುವ ಇನ್ನೊಂದು 6500ರ ದೀಪ. ಕಣ್ಣು ಆ ಬಿಳಿಗೆ ಒಗ್ಗಿಕೊಂಡಿರುವುದರಿಂದ 3000 ಕೊಳೆತ ಹಳದಿಯಾಗಿ ಕಾಣುತ್ತದೆ. ಅಂಗಡಿಯಲ್ಲಿ ಆಗುವುದೂ ಇದೇ. ಅಂಗಡಿಯ ಚಾವಣಿಯೆಲ್ಲ 6500. ಅದರ ನಡುವೆ ಟೆಸ್ಟಿಂಗ್ ಬೋರ್ಡಿಗೆ ಸಿಕ್ಕಿಸಿದ ವಾರ್ಮ್ ಬಲ್ಬು ಯಾವತ್ತೂ ಸೋಲುತ್ತದೆ. ಬಣ್ಣವನ್ನು ಅಂಗಡಿಯಲ್ಲಿ ನಿರ್ಧರಿಸಬೇಡಿ.

ಜಾಗದಿಂದ ಜಾಗಕ್ಕೆ

ಗೇಟು, ಕಾಂಪೌಂಡ್ ಕಂಬ: 3000. ಇಲ್ಲಿ ಬೇಕಾಗಿರುವುದು ಬಂದವರ ಮುಖ, ಬೀಗದ ತೂತು, ನೆಲದ ಏರುಪೇರು. ನೆಲದ ಮೇಲೆ 5ರಿಂದ 10 ಲಕ್ಸ್ ಸಾಕು; ಲಕ್ಸ್ ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್. ಕಂಬದ ತಲೆಯ ಮೇಲೆ ಕೂರಿಸುವ ಗುಂಡು ಗಾಜಿನ ದೀಪ ಅರ್ಧ ಬೆಳಕನ್ನು ಆಕಾಶಕ್ಕೂ ಎದುರು ಮನೆಗೂ ಕಳಿಸುತ್ತದೆ. ಕಂಬದ ಬದಿಗೆ ಹಾಕಿ ಕೆಳಗೆ ಮಾತ್ರ ಬೆಳಕು ಬೀಳುವ 5ರಿಂದ 7 ವಾಟ್‌ನ ಫಿಟಿಂಗ್ ಇದಕ್ಕಿಂತ ಮೇಲು. ಎರಡು ಕಂಬಕ್ಕೆ ಎರಡು, 7 ಅಡಿ ಎತ್ತರದಲ್ಲಿ.

ಜಗುಲಿ, ಸಿಟ್‌ಔಟ್: 2700. ಸಂಜೆ ಕಾಫಿ ಕುಡಿಯುವ, ಯಾರಾದರೂ ಬಂದರೆ ಕೂತು ಹರಟುವ ಜಾಗ ಇದು. ಹಳೆಯ ಮನೆಯ ರೆಡ್‌ಆಕ್ಸೈಡ್ ನೆಲ, ಮರದ ಕಂಬ ಇದ್ದರೆ 2700ರಲ್ಲಿ ಅವು ಮೈತುಂಬಿಕೊಂಡಂತೆ ಕಾಣುತ್ತವೆ. ಓದುವ ಅಭ್ಯಾಸವಿದ್ದರೆ ಬಣ್ಣ ಏರಿಸಬೇಡಿ. 2700ರದೇ ಇನ್ನೊಂದು ದೀಪ ಸೇರಿಸಿ.

ಕಾರ್ ಪೋರ್ಚ್‌ನಲ್ಲಿ ಲೆಕ್ಕ ಹಾಕಿ ನೋಡುವುದು ಚೆನ್ನ, ಯಾಕೆಂದರೆ ಜನ ಅತಿ ಹೆಚ್ಚು ಬೆಳಕು ಸುರಿಯುವುದು ಇಲ್ಲೇ. 30×40 ಸೈಟಿನ ಮನೆಯಲ್ಲಿ ಪೋರ್ಚ್ 10×16 ಅಡಿ ಇದೆ ಎಂದುಕೊಳ್ಳಿ. ಸುಮಾರು 15 ಚದರ ಮೀಟರ್. 12 ವಾಟ್‌ನ ಒಂದು ಸರ್ಫೇಸ್ ಫಿಟಿಂಗ್ ವಾಟ್‌ಗೆ 90 ಲ್ಯೂಮೆನ್‌ನಂತೆ 1080 ಕೊಡುತ್ತದೆ. ಅರ್ಧದಷ್ಟು ಮಾತ್ರ ನೆಲ ಮುಟ್ಟುತ್ತದೆ ಎಂದು ಹಿಡಿದರೂ 540 ಭಾಗಿಸು 15, ಅಂದರೆ 36 ಲಕ್ಸ್. ಗಾಡಿ ನಿಲ್ಲಿಸಲು 10ರಿಂದ 20 ಲಕ್ಸ್ ಸಾಕಾಗಿರುವಾಗ ಒಂದೇ 12 ವಾಟ್ ಬೇಕಾದ್ದಕ್ಕಿಂತ ಹೆಚ್ಚೇ. ಅಲ್ಲಿ 50 ವಾಟ್‌ನ 6500ರ ಫ್ಲಡ್ ಲೈಟ್ ಹಾಕಿದರೆ ಕಾರಿನ ಬಾನೆಟ್ಟಿನಿಂದ ಪ್ರತಿಫಲಿಸಿದ ಬೆಳಕಿಗೆ ರಿವರ್ಸ್ ತೆಗೆಯುವವರ ಕಣ್ಣೇ ಕುಕ್ಕುತ್ತದೆ. ಬಣ್ಣ 3000. ಪೋರ್ಚ್‌ನಲ್ಲೇ ಬೈಕ್ ರಿಪೇರಿ, ಮರಗೆಲಸ ಮಾಡುವವರು 4000ದ ಇನ್ನೊಂದು ದೀಪವನ್ನು ಬೇರೆ ಸ್ವಿಚ್ಚಿಗೆ ಹಾಕಿಕೊಳ್ಳಲಿ. ಕೆಲಸದ ಹೊತ್ತಿಗೆ ಮಾತ್ರ ಅದು.

ಮೆಟ್ಟಿಲು: 3000, ಪ್ರತಿ ಎರಡನೇ ಮೆಟ್ಟಿಲಿಗೆ 1ರಿಂದ 3 ವಾಟ್‌ನ ಬದಿ ದೀಪ, ಮೇಲಿಂದ ಮರೆ ಇರುವಂಥದ್ದು. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಮೆಟ್ಟಿಲಿಗೆ ಯಾವ ಬಣ್ಣದ ದೀಪ ಹಾಕಿದರೂ ಕನ್ನಡಿಯ ಹಾಗೆ ದೀಪವೇ ಕಾಣುತ್ತದೆ, ಮೆಟ್ಟಿಲ ಅಂಚು ಕಾಣುವುದಿಲ್ಲ. ಅಂಚನ್ನು ಒರಟು ಮಾಡಿಸುವುದೇ ಪರಿಹಾರ.

ಮನೆಯ ಬದಿಯ ಓಣಿ, ಸಿಸಿ ಕ್ಯಾಮೆರಾ ಇರುವ ಜಾಗದ ಬಗ್ಗೆ ತಪ್ಪು ಕಲ್ಪನೆಗಳು ಹೆಚ್ಚು. ಕ್ಯಾಮೆರಾಗೆ 6500 ಬೇಕೇ ಬೇಕು ಎನ್ನುವುದು ಅದರಲ್ಲೊಂದು. ಇನ್‌ಫ್ರಾರೆಡ್‌ನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯುವ ಕ್ಯಾಮೆರಾ ತನ್ನದೇ 850 ನ್ಯಾನೊಮೀಟರ್ ದೀಪವನ್ನು ನಂಬಿಕೊಂಡಿರುತ್ತದೆ. ಬಿಳಿ ಎಲ್‌ಇಡಿಯಲ್ಲಿ ಆ ಕಿರಣ ಇರುವುದೇ ಇಲ್ಲವೆನ್ನಬಹುದು, 2700 ಆಗಲಿ 6500 ಆಗಲಿ. ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗೆ ಬೇಕಾಗಿರುವುದು ಎಲ್ಲ ಕಡೆ ಸಮನಾಗಿ ಬಿದ್ದ ಬೆಳಕು ಮತ್ತು 80ಕ್ಕೆ ಮೇಲ್ಪಟ್ಟ ಸಿಆರ್‌ಐ. ಸಿಆರ್‌ಐ ಎಂದರೆ ವಸ್ತುಗಳ ನಿಜಬಣ್ಣವನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. 3000 ಇದ್ದರೂ ಅಂಗಿಯ ಬಣ್ಣ, ಗಾಡಿಯ ಬಣ್ಣ ಗೊತ್ತಾಗುತ್ತದೆ; ಗೋಡೆಗಳು ಕಡುಬಣ್ಣದವಾಗಿದ್ದರೆ 4000 ಹಾಕಬಹುದು. ಚಿತ್ರ ಕೆಡಿಸುವುದು ಬೇರೆ ಎರಡು ಸಂಗತಿ. ಒಂದು, ಕ್ಯಾಮೆರಾದ ನೋಟದೊಳಗೇ ದೀಪ ಇರುವುದು: ದೀಪದ ಪ್ರಖರತೆಗೆ ಕ್ಯಾಮೆರಾ ಎಕ್ಸ್‌ಪೋಷರ್ ತಗ್ಗಿಸಿಕೊಳ್ಳುತ್ತದೆ, ಮುಖ ಕಪ್ಪಾಗುತ್ತದೆ. ದೀಪ ಯಾವಾಗಲೂ ಕ್ಯಾಮೆರಾದ ಹಿಂದೆ ಅಥವಾ ಮೇಲೆ ಇರಲಿ. ಇನ್ನೊಂದು, ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಹರಿಯುವ ಗೆರೆಗಳು: ಕರೆಂಟನ್ನು ಸಮಮಾಡಿ ಕೊಡುವ ಡ್ರೈವರ್ ಸರ್ಕ್ಯೂಟ್ ಇಲ್ಲದ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದ್ದರೆ 50ಕ್ಕೆ ಬದಲಿಸಿ. ಆಮೇಲೂ ಗೆರೆ ಬಂದರೆ ದೀಪ ಬದಲಿಸಿ.

ಮಲೆನಾಡಿನ ಅಂಗಳ ಪಟ್ಟಣದ ಅಂಗಳದ ಹಾಗಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು ರಾತ್ರಿ ಹನ್ನೊಂದರ ತನಕ ನಡೆಯುತ್ತದೆ, ಕಾಯಿಯ ಹದ ಬಣ್ಣ ನೋಡಿಯೇ ತಿಳಿಯಬೇಕು, ಕೈಯಲ್ಲಿ ಹರಿತವಾದ ಕತ್ತಿ ಇರುತ್ತದೆ. ಇಲ್ಲಿ 4000, ಸಿಆರ್‌ಐ 80ಕ್ಕೆ ಕಡಿಮೆಯಿಲ್ಲದ್ದು, ಕೂರುವ ಜಾಗದಲ್ಲಿ 100 ಲಕ್ಸ್ ಇರಬೇಕು. 2700 ಹಾಕಿದರೆ ಹಳದಿ, ಕಿತ್ತಳೆ ಛಾಯೆಗಳ ನಡುವಿನ ವ್ಯತ್ಯಾಸ ಕರಗಿಹೋಗುತ್ತದೆ. ಆ ದೀಪಕ್ಕೆ ಪ್ರತ್ಯೇಕ ಸ್ವಿಚ್ ಇರಲಿ, ಕೆಲಸ ಮುಗಿದ ಮೇಲೆ ಅಂಗಳಕ್ಕೆ 3000ದ ಒಂದೇ ದೀಪ ಉಳಿಯಲಿ. ಕೊಟ್ಟಿಗೆಯಲ್ಲೂ ಹಾಲು ಕರೆಯುವ ಕಡೆ 4000 ಸರಿ; ಕೆಚ್ಚಲಿನ ಬಾವು, ಹಾಲಿನ ಗರಣೆ ಬೇಗ ಕಣ್ಣಿಗೆ ಬೀಳುತ್ತದೆ.

ಬಡಾವಣೆಯ ಸಂಘದವರು ಒಳರಸ್ತೆಗೆ ದೀಪ ಹಾಕಿಸುವಾಗ ನೆನಪಿಡಬೇಕಾದ್ದು: ಕಡಿಮೆ ಓಡಾಟದ ಒಳರಸ್ತೆಗೆ ಭಾರತೀಯ ಮಾನಕ ಐಎಸ್ 1944 ಕೇಳುವುದು ಸರಾಸರಿ 4 ಲಕ್ಸ್, ಸ್ವಲ್ಪ ಹೆಚ್ಚು ಓಡಾಟವಿದ್ದರೆ 8. 3000ದಲ್ಲಿ ಇದನ್ನು ಸಾಧಿಸಲು ಯಾವ ತೊಂದರೆಯೂ ಇಲ್ಲ. ಟೆಂಡರಿನಲ್ಲಿ ವಾಟ್ ಮಾತ್ರ ಬರೆದರೆ 6500 ಬಂದು ಕೂರುತ್ತದೆ. ಕೆಲ್ವಿನ್, ಲ್ಯೂಮೆನ್ ಎರಡನ್ನೂ ಬರೆಯಿರಿ.

ಸೋಲಾರ್ ದೀಪಗಳಲ್ಲಿ ಬಹುತೇಕ 6000ದ ಮೇಲಿನವೇ. ಬ್ಯಾಟರಿಯಿಂದ ಆದಷ್ಟು ಲ್ಯೂಮೆನ್ ಹಿಂಡುವ ಉದ್ದೇಶ. ಡಬ್ಬಿಯ ಮೇಲಿನ ‘100 ವಾಟ್’ ನಂಬಬೇಡಿ, ಪ್ಯಾನೆಲ್‌ನ ವಾಟ್ ಮತ್ತು ಬ್ಯಾಟರಿಯ ವಾಟ್-ಅವರ್ ನೋಡಿ.

ಬೆಳಕು ಬೀಳುವ ಗೋಡೆ ಯಾವುದು?

ದೀಪಕ್ಕೆ ಬಣ್ಣ ಆರಿಸುವಾಗ ದೀಪವನ್ನಲ್ಲ, ಅದು ಬೆಳಗುವ ಮೈಯನ್ನು ನೋಡಬೇಕು. ಕರಾವಳಿಯ ಕೆಂಪು ಕಲ್ಲಿನ ಗೋಡೆ, ಮಂಗಳೂರು ಹೆಂಚು, ಇಟ್ಟಿಗೆಯ ಮುಖ: ಇವೆಲ್ಲ ಕೆಂಪನ್ನು ಪ್ರತಿಫಲಿಸುವ ಮೈಗಳು. 6500ರ ದೀಪದಲ್ಲಿ ಕೆಂಪಿನ ಪಾಲು ಕಡಿಮೆ, ಹಾಗಾಗಿ ಗೋಡೆ ಬೂದು ಬಡಿದ ಹಾಗೆ ಕಾಣುತ್ತದೆ. 2700, 3000ದಲ್ಲಿ ಅದೇ ಗೋಡೆ ಹಗಲಿನ ಬಣ್ಣಕ್ಕೆ ಹತ್ತಿರ ಬರುತ್ತದೆ. ಸಾದಹಳ್ಳಿ ಗ್ರಾನೈಟಿನಂಥ ಬೂದು ಕಲ್ಲು ಇದಕ್ಕೆ ಉಲ್ಟಾ. 2700ರಲ್ಲಿ ಅದು ಕಂದು-ಹಳದಿಗೆ ತಿರುಗಿ ಕೊಳೆಯಾದಂತೆ ಕಾಣುತ್ತದೆ, 4000ದಲ್ಲಿ ಶುಭ್ರವಾಗಿ ನಿಲ್ಲುತ್ತದೆ. ಬೂದು ಕಲ್ಲಿನ ಮನೆಗೆ 3000 ಒಪ್ಪುವ ಮಧ್ಯದ ದಾರಿ, 3500 ಸಿಕ್ಕಿದರೆ ಇನ್ನೂ ಚೆನ್ನ. ಸುಣ್ಣದ ಬಿಳಿ ಗೋಡೆ ದೀಪದ ಬಣ್ಣವನ್ನೇ ಉಟ್ಟುಕೊಳ್ಳುತ್ತದೆ: 2700ರಲ್ಲಿ ಕೆನೆ, 6500ರಲ್ಲಿ ನೀಲಿ ಹಾಕಿದ ಪಂಚೆ.

ಗಿಡಮರಗಳಿಗೆ 3000 ಮತ್ತು ಸಿಆರ್‌ಐ 90 ಒಳ್ಳೆಯ ಜೋಡಿ. 2200ರ ಅಂಬರ್ ಛಾಯೆಯ ಅಲಂಕಾರ ದೀಪ ಹಾಕಿದರೆ ಎಲೆಗಳೆಲ್ಲ ಒಣಗಿದ ಹಾಗೆ ಕಂದಾಗುತ್ತವೆ. ದಟ್ಟ ಹಸಿರೇ ತುಂಬಿದ ತೋಟವಾದರೆ 4000 ಎಲೆಯ ತಾಜಾತನ ತೋರಿಸುತ್ತದೆ, ಆದರೆ ಮನೆಯ ಮುಂಭಾಗ 3000 ಇದ್ದು ತೋಟ 4000 ಇದ್ದರೆ ಎರಡೂ ಒಂದೇ ನೋಟಕ್ಕೆ ಬೀಳದಂತಿರಬೇಕು.

ಅಂಗಳದಲ್ಲಿ ಸೇವಂತಿಗೆ ಬೆಳೆಸುವವರಿಗೆ ಬಣ್ಣದ ಆಯ್ಕೆ ಸಹಾಯಕ್ಕೆ ಬರುವುದಿಲ್ಲ. ಸೇವಂತಿಗೆ ಹೂ ಬಿಡಲು ಉದ್ದನೆಯ ಅಖಂಡ ಕತ್ತಲು ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ಗಿಡ ಎತ್ತರ ಬರುವ ತನಕ ಹೂವು ತಡೆಯಲು ಹೊಲದಲ್ಲಿ ರಾತ್ರಿ ಸಾಲುಸಾಲು ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಕತ್ತಲ ಲೆಕ್ಕ ಇಡುವ ಗಿಡದ ವ್ಯವಸ್ಥೆ ಅತಿ ಹೆಚ್ಚು ಸ್ಪಂದಿಸುವುದು 660 ನ್ಯಾನೊಮೀಟರ್‌ನ ಕೆಂಪಿಗೆ, ಮತ್ತು ಕೆಂಪು ಹೆಚ್ಚಿರುವುದು ವಾರ್ಮ್ ದೀಪದಲ್ಲಿ. ಸೇವಂತಿಗೆ ಮೊಗ್ಗೇ ಕಟ್ಟುತ್ತಿಲ್ಲ ಎಂದರೆ ಗೊಬ್ಬರ ಹಾಕುವ ಮೊದಲು ಗೇಟಿನ ದೀಪ ಆರಿಸಿ, ಇಲ್ಲವೇ ಕುಂಡವನ್ನು ಕತ್ತಲಿಗೆ ಸರಿಸಿ ನೋಡಿ.

ಹುಳು, ಮಂಜು, ಕಡಲತೀರ

ಮೊದಲ ಮಳೆ ಬಿದ್ದ ಸಂಜೆ ದೀಪದ ಕೆಳಗೆ ರೆಕ್ಕೆ ಉದುರಿಸುವ ಈಸಲು ಹುಳುಗಳಿಂದ ಹಿಡಿದು ಪತಂಗದವರೆಗೆ, ಹೆಚ್ಚಿನ ಕೀಟಗಳ ಕಣ್ಣಿಗೆ ಅತಿನೇರಳೆ, ನೀಲಿ, ಹಸಿರು ಚೆನ್ನಾಗಿ ಕಾಣುತ್ತವೆ. ಕಿತ್ತಳೆ-ಕೆಂಪು ಅಷ್ಟಾಗಿ ಕಾಣದು. ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲದಿರುವುದರಿಂದ ಹಳೆಯ ಮರ್ಕ್ಯುರಿ ದೀಪಕ್ಕಿಂತ ಎಲ್ಲ ಎಲ್‌ಇಡಿಯೂ ಮೇಲು. ಅದರೊಳಗೆ 2700ಕ್ಕೆ 6500ಕ್ಕಿಂತ ಕಡಿಮೆ ಹುಳು ಬರುತ್ತದೆ. ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೀಪದ ಜಾಗ ಬದಲಿಸುವುದು ಬಣ್ಣ ಬದಲಿಸಿದಷ್ಟೇ ಫಲ ಕೊಡುತ್ತದೆ: ಬಾಗಿಲ ನೆತ್ತಿಯ ಮೇಲೆ ದೀಪ ಇಟ್ಟರೆ ಬಾಗಿಲು ತೆರೆದಾಗಲೆಲ್ಲ ಹುಳು ಒಳಗೆ, ಅದನ್ನು ಐದಾರು ಅಡಿ ಆಚೆ ಕಂಬಕ್ಕೆ ಹಾಕಿ ಬಾಗಿಲ ಕಡೆಗೆ ತಿರುಗಿಸಿ. ಹಲ್ಲಿಯೂ ದೀಪದ ಹಿಂದೆಯೇ ಹೋಗುತ್ತದೆ.

ಮಂಜಿಗೆ ಹಳದಿ ದೀಪವೇ ಒಳ್ಳೆಯದು, ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎನ್ನುವ ಮಾತು ಮಡಿಕೇರಿ, ಚಿಕ್ಕಮಗಳೂರಿನ ಕಡೆ ಬಹಳ ಚಾಲ್ತಿಯಲ್ಲಿದೆ. ಶುದ್ಧ ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುವುದು ನಿಜ: 450 ನ್ಯಾನೊಮೀಟರ್‌ನ ನೀಲಿ 600ರ ಕಿತ್ತಳೆಗಿಂತ ಮೂರು ಪಟ್ಟಿಗೂ ಹೆಚ್ಚು ಚದುರುತ್ತದೆ. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ. ಮಂಜಿನೂರಲ್ಲಿ ಕೆಲಸ ಮಾಡುವುದು ದೀಪದ ಎತ್ತರ. 15 ಅಡಿಯ ಕಂಬದ ಮೇಲಿನ ಒಂದು 30 ವಾಟ್ ದೀಪದ ಬದಲು ಮೊಣಕಾಲ ಎತ್ತರದ 3 ವಾಟ್‌ನ ಐದಾರು ಬೊಲಾರ್ಡ್‌ಗಳನ್ನು ದಾರಿಗುಂಟ ಹಾಕಿದರೆ ಕಣ್ಣಿಗೂ ದಾರಿಗೂ ನಡುವೆ ಬೆಳಗಿದ ಮಂಜಿನ ಪರದೆ ಬರುವುದಿಲ್ಲ. ಬಣ್ಣ 3000 ಇರಲಿ, ಅದು ಕಣ್ಣಿನ ಹಿತಕ್ಕೆ.

ಹೊನ್ನಾವರದ ಕಾಸರಕೋಡಿನಂಥ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುವ ತೀರದಲ್ಲಿ ಮನೆ, ಹೋಮ್‌ಸ್ಟೇ ಇದ್ದವರಿಗೆ 2700 ಕೂಡ ಸಾಲದು. ಮರಿಗಳು ಮೊಟ್ಟೆಯೊಡೆದು ಹೊರಬಂದು ಅತಿ ಬೆಳಕಿರುವ ದಿಗಂತದ ಕಡೆ ಹೊರಡುತ್ತವೆ; ಸ್ವಾಭಾವಿಕವಾಗಿ ಅದು ಸಮುದ್ರ. ತೀರದ ದೀಪಗಳು ಅದಕ್ಕಿಂತ ಬೆಳಗಿದರೆ ರಸ್ತೆಯ ಕಡೆ ತೆವಳಿ ಸಾಯುತ್ತವೆ. ಇಲ್ಲಿ ಬೇಕಾಗಿರುವುದು 590 ನ್ಯಾನೊಮೀಟರ್ ಆಸುಪಾಸಿನ ನಿಜವಾದ ಅಂಬರ್ ಎಲ್‌ಇಡಿ, ಕಡಲಿನಿಂದ ನೋಡಿದರೆ ಮೂಲ ಕಾಣದಂತೆ ಮರೆ, ಕಡಿಮೆ ಎತ್ತರ. ಮೊಟ್ಟೆಯ ಕಾಲದಲ್ಲಿ ಕಡಲ ಕಡೆಯ ದೀಪ ಆರಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಘಟ್ಟದ ಮೇಲೆ ಮುಂಗಾರಿಗೆ ಮುಂಚೆ ಮರಗಟ್ಟಲೆ ಮಿಂಚುವ ಮಿಂಚುಹುಳುಗಳ ವಿಷಯವೂ ಹೀಗೇ. ಅವುಗಳ ಬೆಳಕೇ ಹಳದಿ-ಹಸಿರು, ಹಾಗಾಗಿ ಅಂಬರ್ ದೀಪವೂ ಅವುಗಳ ಸನ್ನೆಯನ್ನು ಮುಚ್ಚಿಹಾಕಬಹುದು. ಆ ಕೆಲವು ವಾರ ತೋಟದ ದೀಪ ಬೇಡ.

ಆಕಾಶದ ಮಾತು ಬಂದಾಗ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳಿರುವ ಲಡಾಖಿನ ಹಾನ್ಲೆ 2022ರಲ್ಲಿ ದೇಶದ ಮೊದಲ ಕತ್ತಲಾಕಾಶ ಮೀಸಲು ಪ್ರದೇಶವಾಯಿತು. ಕತ್ತಲಾಕಾಶಕ್ಕಾಗಿ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಡಾರ್ಕ್‌ಸ್ಕೈ ಹೊರಗಿನ ದೀಪಕ್ಕೆ ಹಾಕಿರುವ ಮಿತಿಯೂ 3000ವೇ. ಮೇಲೆ ಹೇಳಿದ ನೀಲಿಯ ಚದುರುವಿಕೆಯೇ ಊರ ಮೇಲಿನ ಬೆಳ್ಳನೆಯ ಪ್ರಭೆಗೆ ಕಾರಣ.

ಡಬ್ಬಿ ಓದುವುದು

ವಾರ್ಮ್ ವೈಟ್ ಎಂದರೆ 2700–3000, ನ್ಯಾಚುರಲ್ ಅಥವಾ ನ್ಯೂಟ್ರಲ್ ವೈಟ್ 4000, ಕೂಲ್ ವೈಟ್ ಮತ್ತು ಕೂಲ್ ಡೇಲೈಟ್ 5700–6500. ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅಂಕಿಯನ್ನೇ ನೋಡಿ. ಕೆಲವು ಡಬ್ಬಿಯಲ್ಲಿ 830, 765 ಎಂಬಂಥ ಮೂರಂಕಿ ಇರುತ್ತದೆ: ಮೊದಲ ಅಂಕಿ ಸಿಆರ್‌ಐ, ಉಳಿದೆರಡು ಕೆಲ್ವಿನ್. 830 ಎಂದರೆ ಸಿಆರ್‌ಐ 80ರ ಮೇಲೆ, 3000 ಕೆಲ್ವಿನ್. 765 ಎಂದರೆ 70ರ ಮೇಲೆ, 6500.

3000 ಎಂದು ಅಚ್ಚಾಗಿರುವ ದೀಪ ಸರಿಯಾಗಿ 3000 ಇರುವುದಿಲ್ಲ. ಉದ್ಯಮ ಒಪ್ಪಿಕೊಂಡಿರುವ ಹರವಿನಲ್ಲಿ ಅದು 2870ರಿಂದ 3220ರ ತನಕ ಎಲ್ಲಾದರೂ ಇರಬಹುದು. 4000ದ ದೀಪ 3710ರಿಂದ 4260ರ ತನಕ. ಒಂದೇ ಗೋಡೆಯ ಎರಡು ದೀಪ ಬೇರೆ ಬೇರೆ ಬ್ಯಾಚಿನವಾದರೆ ಒಂದು ಗುಲಾಬಿಗೆ, ಇನ್ನೊಂದು ಹಸಿರಿಗೆ ವಾಲುವುದು ಇದಕ್ಕೇ. ಅಂಕಿಯ ಅಂತರವೂ ಕಣ್ಣಿಗೆ ಎಲ್ಲ ಕಡೆ ಒಂದೇ ಅಲ್ಲ. 2700ಕ್ಕೂ 3000ಕ್ಕೂ ನಡುವಿನ 300ರ ವ್ಯತ್ಯಾಸ, 5700ಕ್ಕೂ 6500ಕ್ಕೂ ನಡುವಿನ 800ರ ವ್ಯತ್ಯಾಸಕ್ಕಿಂತ ಎದ್ದು ಕಾಣುತ್ತದೆ. ‘ಎರಡೂ ವಾರ್ಮ್ ತಾನೆ’ ಎಂದು ಇವೆರಡನ್ನು ಅಕ್ಕಪಕ್ಕ ಹಾಕಬೇಡಿ.

ಬಣ್ಣ ಬಿಟ್ಟು ನೋಡಬೇಕಾದ್ದು ಬೇಗ ಹೇಳಿ ಮುಗಿಸಬಹುದು. ಮಳೆ ಬಡಿಯುವ ಕಡೆ ಐಪಿ65, ಅಂದರೆ ದೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಸಿಡಿಲಿನ ಸೀಮೆಯಲ್ಲಿ 4 ಕಿಲೋವೋಲ್ಟ್‌ಗೆ ಕಡಿಮೆಯಿಲ್ಲದ ಸರ್ಜ್ ರಕ್ಷಣೆ, ಅಂದರೆ ವೋಲ್ಟೇಜ್ ದಿಢೀರನೆ ಏರಿದಾಗ ದೀಪವನ್ನು ಕಾಯುವ ವ್ಯವಸ್ಥೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಮೊದಲು ಹೋಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ.

ತ್ರೀ-ಇನ್-ಒನ್ ದೀಪಗಳ ಬಗ್ಗೆ ಒಂದು ಎಚ್ಚರಿಕೆ. ಇವುಗಳೊಳಗೆ ಎರಡು ಸಾಲು ಚಿಪ್ಪು ಇರುತ್ತದೆ, ಒಂದು ವಾರ್ಮ್, ಒಂದು ಕೂಲ್. ಎರಡೂ ಸೇರಿ ಉರಿದರೆ ನಡುವಿನ ಬಿಳಿ. ಸ್ವಿಚ್ ಆರಿಸಿ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಹಾಕಿದರೆ ಬಣ್ಣ ಮುಂದಿನದಕ್ಕೆ ಜಿಗಿಯುತ್ತದೆ. ಕರೆಂಟ್ ಕ್ಷಣಕಾಲ ಹೋಗಿ ಬಂದರೂ ಅದು ಸ್ವಿಚ್ ಒತ್ತಿದ್ದೆಂದೇ ತಿಳಿಯುತ್ತದೆ. ಮಳೆಗಾಲದ ಸಂಜೆ ನಾಲ್ಕು ಸಲ ಕರೆಂಟ್ ಮಿಣುಕಿದರೆ ಸಾಲಿನ ಆರು ದೀಪ ಮೂರು ಬಣ್ಣದಲ್ಲಿ ನಿಂತಿರುತ್ತವೆ. ಹೊರಗೆ ಇವನ್ನು ಹಾಕುವುದಾದರೆ ಫಿಟಿಂಗಿನ ಹಿಂಬದಿಯಲ್ಲಿ ಪುಟ್ಟ ಸ್ಲೈಡ್ ಸ್ವಿಚ್ ಇರುವ ಬಗೆಯದನ್ನು ಕೊಳ್ಳಿ. ಒಮ್ಮೆ 3000ಕ್ಕೆ ಇಟ್ಟರೆ ಅಲ್ಲೇ ಇರುತ್ತದೆ.

ವರ್ಷ ಕಳೆದಂತೆ ಬಣ್ಣ ಜಾರುವುದೂ ಉಂಟು. ಬಿಸಿಲಿಗೆ ಪಾಲಿಕಾರ್ಬನೇಟ್ ಮುಚ್ಚಳ ಹಳದಿಯಾದರೆ 4000ದ ದೀಪ ಮಂಕಾಗಿ 3500ರ ಹಾಗೆ ಕಾಣುತ್ತದೆ. ಅಕ್ರಿಲಿಕ್ ಇಲ್ಲವೇ ಗಾಜಿನ ಮುಚ್ಚಳ ಹೆಚ್ಚು ಬಾಳುತ್ತದೆ. ಬಿಸಿ ಹೊರಹೋಗದ ಫಿಟಿಂಗಿನಲ್ಲಿ ಫಾಸ್ಫರ್ ಲೇಪನ ಹಾಳಾಗಿ ಬೆಳಕು ನೀಲಿಗೆ ತಿರುಗುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಬೀದಿದೀಪಗಳು ಇದ್ದಕ್ಕಿದ್ದಂತೆ ನೇರಳೆಯಾದದ್ದು ಲೇಪನ ಚಿಪ್ಪಿನಿಂದ ಕಳಚಿಬಂದ ತಯಾರಿಕಾ ದೋಷದಿಂದ. ಗ್ಯಾರಂಟಿ ಅವಧಿಯಲ್ಲಿ ಬಣ್ಣ ಹೀಗೆ ತಿರುಗಿದರೆ ‘ಉರಿಯುತ್ತಿದೆಯಲ್ಲ’ ಎಂದು ಸುಮ್ಮನಾಗಬೇಡಿ, ಬದಲಿ ಕೇಳಿ.

ಕೊಳ್ಳುವ ಮುನ್ನ ಒಂದು ರಾತ್ರಿ

ಹತ್ತು ಫಿಟಿಂಗ್‌ಗಳಿಗೆ ದುಡ್ಡು ಸುರಿಯುವ ಮೊದಲು ಒಂದೇ ಕಂಪನಿಯ 9 ವಾಟ್‌ನ ಮೂರು ಬಲ್ಬು ತನ್ನಿ: 2700 ಅಥವಾ 3000, 4000, 6500. ಒಂದು ಹೋಲ್ಡರಿಗೆ ಎಕ್ಸ್‌ಟೆನ್ಷನ್ ವೈರು ಕಟ್ಟಿ, ಮಳೆ ಇಲ್ಲದ ದಿನ, ಕತ್ತಲಾದ ಮೇಲೆ ದೀಪ ಬರಬೇಕಾದ ಎತ್ತರದಲ್ಲೇ ಕಟ್ಟಿ. ಹೊರಗಿನ ಬೇರೆ ದೀಪಗಳನ್ನೆಲ್ಲ ಆರಿಸಿ. ಪ್ರತಿ ಬಲ್ಬಿಗೂ ಹತ್ತು ನಿಮಿಷ ಕೊಡಿ, ಕಣ್ಣು ಒಗ್ಗಲು ಅಷ್ಟಾದರೂ ಬೇಕು; ಒಂದರ ಹಿಂದೊಂದು ಥಟ್ಟನೆ ಬದಲಿಸಿದರೆ 6500ರ ನಂತರದ್ದೆಲ್ಲ ಹಳದಿಯೇ.

ದೀಪವನ್ನು ನೋಡಬೇಡಿ. ಎದುರು ನಿಂತವರ ಮುಖ ನೋಡಿ, ಗೋಡೆಯ ಬಣ್ಣ ನೋಡಿ, ಮೆಟ್ಟಿಲ ಅಂಚು ನೋಡಿ. ರಸ್ತೆಯ ಆಚೆ ಹೋಗಿ ಅಲ್ಲಿಂದ ಮನೆ ಹೇಗೆ ಕಾಣುತ್ತದೆಂದು ನೋಡಿ, ಪಕ್ಕದ ಮನೆಯವರ ಕಿಟಕಿಗೆ ಬೆಳಕು ಹೊಡೆಯುತ್ತದೆಯೇ ಎಂದು ಅವರನ್ನೇ ಕೇಳಿ. ಮನೆಯ ಹಿರಿಯರನ್ನು ಒಮ್ಮೆ ಮೆಟ್ಟಿಲಿಳಿಯಲು ಹೇಳಿ; ಮಕ್ಕಳಿಗೆ ಇಷ್ಟವಾದದ್ದು ಅವರಿಗೆ ಕಷ್ಟವಾಗುವುದು ಗೊತ್ತಾಗುವುದು ಆಗಲೇ. ಫೋನಿನ ಸ್ಲೋ-ಮೋಷನ್ ಕ್ಯಾಮೆರಾವನ್ನು ದೀಪಕ್ಕೆ ಹಿಡಿದರೆ ಮಿಣುಕು ಇದ್ದದ್ದೂ ಕಾಣುತ್ತದೆ.

ಒಂದು ನೋಟಕ್ಕೆ ಬೀಳುವಷ್ಟು ಜಾಗಕ್ಕೆ ಒಂದೇ ಕೆಲ್ವಿನ್ ಇಟ್ಟುಕೊಳ್ಳಿ. ಎರಡು ಬೇಕೇ ಬೇಕೆಂದರೆ 3000, 4000ಕ್ಕಿಂತ ದೂರದ ಜೋಡಿ ಬೇಡ, ನಡುವೆ ಗೋಡೆಯೋ ಮೂಲೆಯೋ ಇರಲಿ. ಬಣ್ಣ ತೀರ್ಮಾನವಾದ ಮೇಲೆ ಎಲ್ಲವನ್ನೂ ಒಂದೇ ಸಲ, ಒಂದೇ ಬ್ಯಾಚಿನದು ಕೊಂಡು ಎರಡು ಹೆಚ್ಚುವರಿ ತೆಗೆದಿಡಿ. ಮಾದರಿ ಸಂಖ್ಯೆ, ಕೆಲ್ವಿನ್, ಬ್ಯಾಚ್ ಸಂಖ್ಯೆ ಮೂರನ್ನೂ ಮಾರ್ಕರ್‌ನಲ್ಲಿ ಮೇನ್ ಬೋರ್ಡಿನ ಬಾಗಿಲ ಒಳಗೆ ಬರೆದಿಟ್ಟರೆ, ನಾಲ್ಕು ವರ್ಷದ ನಂತರ ಒಂದು ದೀಪ ಕೆಟ್ಟಾಗ ಎಲೆಕ್ಟ್ರಿಷಿಯನ್ ತನ್ನ ಚೀಲದಲ್ಲಿದ್ದ 6500 ಸಿಕ್ಕಿಸಿ ಹೋಗುವುದು ತಪ್ಪುತ್ತದೆ.